ಸಾವಿರ ಗ್ರಹ, ಅದೇ ಪ್ರಯೋಗಾಲಯ

ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನ್ ನನ್ನ ಕೆಲಸ. ಹಗಲೆಲ್ಲ ಬೇರೆಯವರ ಆಟಗಳಿಗೆ ಕೋಣೆ, ಓಣಿ, ಗುಡ್ಡ ಕಟ್ಟುತ್ತೇನೆ. ರಾತ್ರಿ ಬಾಹ್ಯಾಕಾಶದ ಆಟಗಳಲ್ಲಿ ಅಲೆಯುತ್ತೇನೆ. ಆಕಾಶವನ್ನೇ ಎದುರಿಗೆ ಹರವಿ ‘ಎಲ್ಲಿಗೆ ಬೇಕಾದರೂ ಹೋಗು’ ಎನ್ನುವ ಈ ಆಟಗಳ ಮೇಲೆ ನನಗಿರುವಷ್ಟು ಆಸೆ ಬೇರೆ ಯಾವ ಆಟದ ಮೇಲೂ ಇಲ್ಲ. ಬೇಗ ಬೇಸರ ತರಿಸುವುದೂ ಇವೇ. ಹೊಸ ಗ್ರಹಕ್ಕೆ ಇಳಿದು ಅರ್ಧ ಗಂಟೆ ಆಗುವಷ್ಟರಲ್ಲಿ ‘ಇದನ್ನು ಆಗಲೇ ನೋಡಿದ್ದೇನಲ್ಲ’ ಅನ್ನಿಸುವುದು ಯಾಕೆ? ಕೆಲವು ಆಟಗಳಲ್ಲಿ ಅದೇ ಗುಡ್ಡಕ್ಕೆ ಮತ್ತೆ ಮತ್ತೆ ಹೋದರೂ ಹಾಗನ್ನಿಸದಿರುವುದು ಯಾಕೆ? ವರ್ಷಗಟ್ಟಲೆ ಆಡುತ್ತ, ಕಟ್ಟುತ್ತ ನನಗೆ ಹೊಳೆದದ್ದನ್ನು ಇಲ್ಲಿ ಬರೆದಿದ್ದೇನೆ.

1. ಗ್ರಹಗಳ ಸಂಖ್ಯೆ ನೋಡಿ ಮರುಳಾಗಬೇಡಿ

1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು ‘ಎಲೀಟ್’ ಎಂಬ ಆಟ ಬರೆದಾಗ ಅವರಿಗೆ ಸಿಕ್ಕದ್ದು ಬಿಬಿಸಿ ಮೈಕ್ರೋ ಕಂಪ್ಯೂಟರಿನ 32 ಕಿಲೋಬೈಟ್ ಮೆಮೊರಿ. ಗ್ರಹಗಳ ಪಟ್ಟಿ ಇಡುವುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಪಟ್ಟಿಯನ್ನೇ ಬಿಟ್ಟು, ಒಂದು ಪುಟ್ಟ ಸಂಖ್ಯೆಯಿಂದ ಲೆಕ್ಕ ಹಾಕಿ ಪ್ರತಿ ಗ್ರಹದ ಹೆಸರು, ಆಡಳಿತ, ಸರಕಿನ ದರಗಳನ್ನು ಬೇಕಾದ ಕ್ಷಣದಲ್ಲಿ ಹುಟ್ಟಿಸಿದರು. ಆ ಸಂಖ್ಯೆಗೆ ನಮ್ಮ ಕಸುಬಿನಲ್ಲಿ ಸೀಡ್ ಎನ್ನುತ್ತೇವೆ. ಅದೇ ಸೀಡ್ ಕೊಟ್ಟರೆ ಪ್ರತಿ ಸಲವೂ ಅದೇ ಗ್ರಹ. ಈ ಲೆಕ್ಕದಿಂದ ಸುಮಾರು 281 ಲಕ್ಷ ಕೋಟಿ ಗ್ಯಾಲಕ್ಸಿಗಳನ್ನು ಕೊಡಬಹುದಿತ್ತು. ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಬೇಡವೆಂದರು. ಅಷ್ಟೊಂದು ಕೊಟ್ಟರೆ ಎಲ್ಲವೂ ಒಂದೇ ಲೆಕ್ಕದಿಂದ ಬಂದದ್ದೆಂಬುದು ಆಟಗಾರನ ಕಣ್ಣಿಗೆ ರಾಚುತ್ತದೆ ಎಂಬ ಅಂಜಿಕೆ. ಕೊನೆಗೆ ಉಳಿದದ್ದು ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ. ಆ ನಿರ್ಧಾರ ತೆಗೆದುಕೊಂಡವರ ಮೇಲೆ ನನಗೆ ಬಹಳ ಗೌರವ.

2016ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹೆಲೋ ಗೇಮ್ಸ್ ತಂದ ‘ನೋ ಮ್ಯಾನ್ಸ್ ಸ್ಕೈ’ ಆ ಅಂಜಿಕೆಯನ್ನು ಬದಿಗಿಟ್ಟಿತು. ಅದರಲ್ಲಿ ಹದಿನೆಂಟರ ಮುಂದೆ ಹದಿನೆಂಟು ಸೊನ್ನೆ ಇಟ್ಟರೂ ಸಾಲದಷ್ಟು ಗ್ರಹಗಳು. ಕೇಳಿದವರಿಗೆಲ್ಲ ಮೈ ಜುಮ್ಮೆನ್ನಿಸಿದ ಸಂಖ್ಯೆ ಅದು. ಆದರೆ ಅದು ಬಂದದ್ದು ಎಲ್ಲಿಂದ? 64 ಬಿಟ್‌ನ ಸೀಡ್ ಎಷ್ಟು ಬೇರೆ ಬೇರೆ ಬೆಲೆ ತಾಳಬಲ್ಲದೋ ಅಷ್ಟು ಗ್ರಹಗಳು, ಅಷ್ಟೇ. ಸೀಡನ್ನು ಇನ್ನೊಂದು ಬಿಟ್ ಉದ್ದ ಮಾಡಿದ್ದರೆ ಗ್ರಹಗಳು ದುಪ್ಪಟ್ಟಾಗುತ್ತಿದ್ದವು. ಆಟಕ್ಕೆ ಒಂದು ಹೊಸ ಕಲ್ಲೂ ಸೇರುತ್ತಿರಲಿಲ್ಲ.

2. ಕಣ್ಣು ಬಲು ಬೇಗ ಕಲಿತುಬಿಡುತ್ತದೆ

‘ನೋ ಮ್ಯಾನ್ಸ್ ಸ್ಕೈ’ಯಲ್ಲಿ ಮೊದಲ ಕೆಲವು ಗ್ರಹಗಳ ಮೇಲೆ ಇಳಿಯುವುದು ನಿಜಕ್ಕೂ ಹಬ್ಬ. ಆಕಾಶ ನೇರಳೆ, ಹುಲ್ಲು ಕೆಂಪು, ದೂರದ ದಿಬ್ಬದ ಮೇಲೆ ಹೆಸರಿಲ್ಲದ ಪ್ರಾಣಿಗಳ ಹಿಂಡು. ಆದರೆ ಕೆಲವು ರಾತ್ರಿ ಆಡುವಷ್ಟರಲ್ಲಿ ಕಣ್ಣು ಪ್ರಾಣಿಯನ್ನು ನೋಡುವುದು ಬಿಟ್ಟು ಬಿಡಿಭಾಗ ನೋಡಲು ಶುರು ಮಾಡುತ್ತದೆ. ಈ ಕಾಲು ಆ ಗ್ರಹದ್ದು, ಈ ಕೊಂಬು ಇನ್ನೊಂದರದ್ದು, ಮೈಕಟ್ಟು ಅದೇ ಹರಿಣದ್ದು. ಅಲ್ಲಿಗೆ ಆ ಗ್ಯಾಲಕ್ಸಿ ನಿಮ್ಮ ಮಟ್ಟಿಗೆ ಬಿಡಿಭಾಗ ತುಂಬಿಟ್ಟ ಒಂದು ಅಸೆಟ್ ಫೋಲ್ಡರ್ ಆಗಿಹೋಗುತ್ತದೆ.

‘ಸ್ಪೋರ್’ ಆಟದಲ್ಲಿ ಕೆಲಸ ಮಾಡಿದ್ದ ಕೇಟ್ ಕಾಂಪ್ಟನ್ ಇದನ್ನು ಓಟ್ಸ್ ಗಂಜಿಯ ಹತ್ತು ಸಾವಿರ ಬಟ್ಟಲುಗಳ ಸಮಸ್ಯೆ ಎಂದು ಕರೆದರು. ಗಣಿತದ ಪ್ರಕಾರ ಪ್ರತಿ ಬಟ್ಟಲೂ ಬೇರೆ, ಓಟ್ಸ್ ಕಾಳು ಬಿದ್ದಿರುವ ಜಾಗವೇ ಬೇರೆ. ಉಣ್ಣುವವನಿಗೆ ಮಾತ್ರ ಅದೆಲ್ಲ ಬರೀ ಗಂಜಿ. ಗ್ರಹ ಹುಟ್ಟಿಸುವ ಪ್ರೊಗ್ರಾಂ ಬರೆಯುವವರೆಲ್ಲ ಮೊದಲ ದಿನವೇ ಓದಬೇಕಾದ ಮಾತು ಇದು. ಎರಡು ವಸ್ತು ಬೇರೆಯಾಗಿದ್ದರೆ ಸಾಲದು; ಬೇರೆ ಎಂದು ನೋಡುವವರ ಗಮನಕ್ಕೆ ಬರಬೇಕು, ಬಂದದ್ದು ನೆನಪಿನಲ್ಲಿ ಉಳಿಯಬೇಕು.

ಇನ್ನೊಂದು ವಿಷಯ. ಬಣ್ಣ ಬದಲಾದರೂ ಕೈ ಮಾಡುವ ಕೆಲಸ ಬದಲಾಗದಿದ್ದರೆ ಬೇಸರ ಇನ್ನೂ ಬೇಗ ಬರುತ್ತದೆ. ಇಳಿ, ಸ್ಕ್ಯಾನ್ ಮಾಡು, ಲೇಸರ್‌ನಿಂದ ಖನಿಜ ಅಗೆ, ಚೀಲ ತುಂಬಿತೆಂದು ಬೈದುಕೊ, ಮೇಲೇರು. ಹಿಮದ ಗ್ರಹದಲ್ಲೂ ಇದೇ, ಬೆಂಕಿಯ ಗ್ರಹದಲ್ಲೂ ಇದೇ. ಹಿಮದಲ್ಲಿ ಪರದೆಯ ಮೇಲಿನ ಒಂದು ರಕ್ಷಣಾ ಮೀಟರ್ ಇಳಿಯುತ್ತದೆ, ಬೆಂಕಿಯಲ್ಲಿ ಇನ್ನೊಂದು. ಹೊಸ ಆಟ ಕೈಗೆ ಬಂದಾಗ ನಾನು ಗ್ರಹಗಳನ್ನು ಬಿಟ್ಟು ಕ್ರಿಯಾಪದಗಳನ್ನು ಎಣಿಸುತ್ತೇನೆ.

3. ಕಲ್ಲು ಎರಡು ಸಲ ಬರಬಹುದು, ಸತ್ತವನು ಬರಬಾರದು

ಈ ಪಾಠ ನನ್ನ ಹೊಟ್ಟೆಪಾಡಿನದ್ದೂ ಹೌದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾವು ಕಟ್ಟಡ ಕಟ್ಟುವುದು ಕಿಟ್‌ನಿಂದ. ನೇರ ಗೋಡೆ, ಮೂಲೆ ಗೋಡೆ, ಬಾಗಿಲ ಚೌಕಟ್ಟು, ಮೆಟ್ಟಿಲು. ಎಲ್ಲವೂ ಒಂದೇ ಅಳತೆಯ ಗ್ರಿಡ್‌ಗೆ ಕೂರುತ್ತವೆ. ಒಂದೇ ಗೋಡೆ ಒಂದು ಲೆವೆಲ್‌ನಲ್ಲಿ ಐವತ್ತು ಕಡೆ ಬಂದರೂ ಆಟಗಾರ ಗುರುತಿಸುವುದಿಲ್ಲ, ಏಕೆಂದರೆ ಅವನು ಗೋಡೆ ನೋಡುತ್ತಿಲ್ಲ. ಬಿದ್ದ ಕುರ್ಚಿ ನೋಡುತ್ತಾನೆ, ಅರ್ಧ ತಿಂದ ಊಟ ನೋಡುತ್ತಾನೆ, ಒಳಗಿನಿಂದ ಅಗುಳಿ ಹಾಕಿದ ಬಾಗಿಲು ನೋಡುತ್ತಾನೆ. ‘ಇಲ್ಲಿ ಏನೋ ಆಗಿದೆ’ ಎಂದು ಊಹಿಸಲು ತೊಡಗುತ್ತಾನೆ. 2011ರ ‘ಸ್ಕೈರಿಮ್’ ಆಟದ ಗುಹೆಗಳೆಲ್ಲ ಇಂಥ ಕಿಟ್‌ನಿಂದಲೇ ಎದ್ದವು. ಒಂದೊಂದನ್ನೂ ಒಬ್ಬ ಮನುಷ್ಯ ಕೂತು ಜೋಡಿಸಿದ್ದರಿಂದ ಒಂದೊಂದಕ್ಕೂ ಅದರದೇ ಕಥೆ ಇತ್ತು.

‘ಸ್ಕೈರಿಮ್’ ಮಾಡಿದ ಬೆಥೆಸ್ಡಾ ಸಂಸ್ಥೆಯೇ 2023ರ ಸೆಪ್ಟೆಂಬರ್‌ನಲ್ಲಿ ‘ಸ್ಟಾರ್‌ಫೀಲ್ಡ್’ ತಂದಿತು. ಸಾವಿರಕ್ಕೂ ಹೆಚ್ಚು ಗ್ರಹಗಳು. ನೆಲ ಮತ್ತು ಬೆಟ್ಟಗಳನ್ನು ಕಂಪ್ಯೂಟರ್ ಹುಟ್ಟಿಸುತ್ತದೆ. ಅದರ ಮೇಲೆ ಕೈಯಿಂದ ಕಟ್ಟಿದ ಕಟ್ಟಡಗಳನ್ನು ಚೆಲ್ಲುತ್ತದೆ. ಅವುಗಳಲ್ಲಿ ಪಾಳುಬಿದ್ದ ಒಂದು ಕ್ರಯೋ (ಅತಿಶೀತ) ಪ್ರಯೋಗಾಲಯವಿದೆ. ಮೊದಲ ಸಲ ಒಳಹೊಕ್ಕಾಗ ಎಷ್ಟು ಚೆನ್ನಾಗಿದೆ! ಮಂಜುಗಟ್ಟಿದ ಓಣಿಗಳು, ಮರೆಯಲ್ಲಿ ಕಾದು ಕೂತ ದರೋಡೆಕೋರರು, ಟರ್ಮಿನಲ್‌ನಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರು ಬಿಟ್ಟುಹೋದ ಬರಹ. ಕಟ್ಟಿದವರ ಕೈಚಳಕಕ್ಕೆ ತಲೆದೂಗಬೇಕು. ಆಮೇಲೆ ಎಷ್ಟೋ ಜ್ಯೋತಿರ್ವರ್ಷ ದೂರದ ಇನ್ನೊಂದು ಗ್ರಹಕ್ಕೆ ಇಳಿಯುತ್ತೀರಿ, ಬಂಜರು ನೆಲದ ಮೇಲೆ ನಡೆದು ಒಂದು ಬಾಗಿಲು ತಲುಪುತ್ತೀರಿ. ಅದೇ ಓಣಿ, ಅದೇ ಮಂಜು, ಅದೇ ಮೂಲೆಯಲ್ಲಿ ಅದೇ ಭಂಗಿಯಲ್ಲಿ ಬಿದ್ದ ಹೆಣ, ಟರ್ಮಿನಲ್‌ನಲ್ಲಿ ಅದೇ ಮಾತು.

ಬರೀ ಗೋಡೆ ಮತ್ತೆ ಬಂದಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಒಂದೇ ಕಂಪನಿ ಎಲ್ಲ ಗ್ರಹಗಳಿಗೂ ಒಂದೇ ನಮೂನೆಯ ಶೆಡ್ ಮಾರುತ್ತದೆ ಎಂದುಕೊಂಡರೆ ಅದು ಸಹಜವೇ. ಆದರೆ ಒಬ್ಬ ಮನುಷ್ಯ ಎರಡು ಗ್ರಹಗಳಲ್ಲಿ ಸಾಯುವುದಕ್ಕಾಗುವುದಿಲ್ಲ. ಎರಡನೇ ಹೆಣ ಕಂಡ ಕ್ಷಣ ಮೊದಲನೆಯದರ ಮೇಲಿದ್ದ ಮರುಕವೂ ಹೋಗುತ್ತದೆ. ಈ ತರಹದ ಪುನರಾವರ್ತನೆ ಮುಂದಿನದನ್ನು ಕೆಡಿಸುವುದರ ಜೊತೆಗೆ ಹಿಂದೆ ಚೆನ್ನಾಗಿದ್ದುದನ್ನೂ ವಾಪಸ್ ಕಿತ್ತುಕೊಳ್ಳುತ್ತದೆ. ಜಾಗ ಚೆಲ್ಲುವ ಯಂತ್ರಕ್ಕೆ ಹೆಸರಿರುವ ಸಾವನ್ನು ಕೊಡಬೇಡಿ ಎಂದು ನಮ್ಮ ಟೀಮಿನ ಹೊಸಬರಿಗೆ ಹೇಳುತ್ತಿರುತ್ತೇನೆ.

ವಿಶೇಷವೆಂದರೆ ಇದಕ್ಕೆ ಉತ್ತರವೂ ಅದೇ ಆಟದಲ್ಲಿದೆ. ‘ಎಂಟ್ಯಾಂಗಲ್ಡ್’ ಎಂಬ ಒಂದು ಕ್ವೆಸ್ಟ್ ನಡೆಯುವುದು ನಿಶಿನಾ ಸಂಶೋಧನಾ ಕೇಂದ್ರದಲ್ಲಿ. ಒಂದು ಪ್ರಯೋಗ ಕೈಕೊಟ್ಟು ಆ ಕಟ್ಟಡ ಎರಡು ವಿಶ್ವಗಳಲ್ಲಿ ಸಿಕ್ಕಿಕೊಂಡಿದೆ. ಒಂದರಲ್ಲಿ ಜನ ಓಡಾಡುತ್ತಿದ್ದಾರೆ, ಇನ್ನೊಂದರಲ್ಲಿ ಎಲ್ಲ ನಾಶವಾಗಿದೆ. ನೀವು ಎರಡರ ನಡುವೆ ಜಿಗಿಯುತ್ತ ದಾರಿ ಹುಡುಕಬೇಕು. ಇಲ್ಲೂ ಒಂದೇ ಓಣಿಯನ್ನು ಎರಡೆರಡು ಸಲ ನೋಡುತ್ತೀರಿ, ಆದರೆ ಒಂದು ಹೆಜ್ಜೆಯೂ ಬೇಸರವಿಲ್ಲ. ಎರಡು ಓಣಿಗಳ ನಡುವಿನ ವ್ಯತ್ಯಾಸವೇ ಅಲ್ಲಿ ಕಥೆ. ಸಾವಿರ ಗ್ರಹಗಳ ಆ ಆಟದಲ್ಲಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಒಂದು ಕಟ್ಟಡ.

4. ‘ದಾರಿಯಲ್ಲಿ ಸಿಕ್ಕಿತು’ ಎನ್ನುವಂತಿರಬೇಕು

‘ಸ್ಕೈರಿಮ್’ನಲ್ಲಿ ಒಂದು ಊರಿಗೆಂದು ಹೊರಟವರು ದಾರಿಯಲ್ಲಿ ಕಂಡ ಹೊಗೆಯ ಜಾಡು ಹಿಡಿದು ಇನ್ನೆಲ್ಲಿಗೋ ತಲುಪುತ್ತಿದ್ದರು. ‘ಸ್ಟಾರ್‌ಫೀಲ್ಡ್’ನಲ್ಲಿ ನಕ್ಷೆ ತೆರೆದು ಗ್ರಹ ಒತ್ತಿದರೆ ಅಲ್ಲಿರುತ್ತೀರಿ. ನಡುವೆ ಪ್ರಯಾಣ ಇಲ್ಲ, ಹಾಗಾಗಿ ನಡುವೆ ಏನೂ ಸಿಗುವುದಿಲ್ಲ. ಪ್ರತಿ ಜಾಗವೂ ಒಂಟಿ ದ್ವೀಪ. ಅಕ್ಕಪಕ್ಕ ಇಲ್ಲದ ಜಾಗಕ್ಕೆ ಆಳ ಬರುವುದು ಕಷ್ಟ.

5. ಪುನರಾವರ್ತನೆಯೇ ಆಳವಾಗಬಹುದು

ಈ ಇಡೀ ಪಟ್ಟಿಯಲ್ಲಿ ನನಗೆ ಅತಿ ಮುಖ್ಯವಾದದ್ದು ಇದು. ‘ಆಳ ಬೇಕು, ಪುನರಾವರ್ತನೆ ಬೇಡ’ ಎಂದು ಜನ ಎರಡನ್ನೂ ಎದುರುಬದುರು ನಿಲ್ಲಿಸುತ್ತಾರೆ. ‘ಔಟರ್ ವೈಲ್ಡ್ಸ್’ ಆಡಿದ ಮೇಲೆ ನಾನು ಹಾಗೆ ಹೇಳುವುದನ್ನು ನಿಲ್ಲಿಸಿದೆ.

ಅಲೆಕ್ಸ್ ಬೀಚಮ್ ಎಂಬವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧವಾಗಿ ಆರಂಭಿಸಿದ ಆಟ ಅದು. 2019ರಲ್ಲಿ ಪೂರ್ಣರೂಪದಲ್ಲಿ ಬಂತು. ಅದರಲ್ಲಿರುವುದು ಒಂದೇ ಸೌರಮಂಡಲ, ಬೆರಳೆಣಿಕೆಯ ಗ್ರಹಗಳು. ಗ್ರಹಗಳೆಂದರೂ ಎಷ್ಟು ಪುಟ್ಟವೆಂದರೆ ಕಾಲ್ನಡಿಗೆಯಲ್ಲೇ ಸುತ್ತಿ ಬರಬಹುದು. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತದೆ, ನೀವು ಸಾಯುತ್ತೀರಿ, ಮತ್ತೆ ಅದೇ ಶಿಬಿರದ ಬೆಂಕಿಯ ಪಕ್ಕ ಕಣ್ಣು ಬಿಡುತ್ತೀರಿ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಪುನರಾವರ್ತನೆಯ ಆಟ ಇನ್ನೊಂದಿಲ್ಲ.

ಆದರೆ ಆ 22 ನಿಮಿಷಗಳಲ್ಲಿ ಲೋಕ ಸುಮ್ಮನೆ ನಿಂತಿರುವುದಿಲ್ಲ. ಆ್ಯಶ್ ಟ್ವಿನ್, ಎಂಬರ್ ಟ್ವಿನ್ ಎಂಬ ಜೋಡಿ ಗ್ರಹಗಳಿವೆ. ಒಂದರ ಮರಳು ಆಕಾಶದಲ್ಲೇ ಕಂಬದಂತೆ ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಬೇಗ ಹೋದರೆ ಎಂಬರ್ ಟ್ವಿನ್‌ನ ಗುಹೆಗಳು ತೆರೆದಿರುತ್ತವೆ, ಒಳಗೆ ಪ್ರಾಚೀನರ ನಗರವೊಂದಿದೆ. ತಡಮಾಡಿದರೆ ಮರಳು ಏರಿ ದಾರಿ ಮುಚ್ಚುತ್ತದೆ. ಒಳಗಿದ್ದರಂತೂ ಚಾವಣಿಗೆ ಒತ್ತಿ ಅಪ್ಪಚ್ಚಿಯಾಗುತ್ತೀರಿ. ಆ್ಯಶ್ ಟ್ವಿನ್‌ಗೆ ಬೇಗ ಹೋದರೆ ಕಾಣುವುದು ಬರೀ ಮರಳು. ತಡವಾಗಿ ಹೋದರೆ ಅದರ ಅಡಿಯಿಂದ ಗೋಪುರಗಳು ಎದ್ದುಬಂದಿರುತ್ತವೆ. ಹಾಗಾಗಿ ‘ಆ ಗ್ರಹ ನೋಡಿದ್ದೇನೆ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಎಷ್ಟು ಹೊತ್ತಿಗೆ ನೋಡಿದಿರಿ ಎಂಬುದು ಪ್ರಶ್ನೆ.

ಎಂಬರ್ ಟ್ವಿನ್ ಮೇಲೆ ಚರ್ಟ್ ಎಂಬ ಖಗೋಳಜ್ಞ ಕೂತು ಡೋಲು ಬಾರಿಸುತ್ತಿರುತ್ತಾನೆ. ಹೊರಟ ಕೂಡಲೇ ಹೋಗಿ ಮಾತಾಡಿಸಿದರೆ ಉತ್ಸಾಹದ ಚಿಲುಮೆ. ಸ್ವಲ್ಪ ಹೊತ್ತು ಬಿಟ್ಟು ಹೋದರೆ ಮಾತಿನಲ್ಲಿ ಗಲಿಬಿಲಿ, ಆಕಾಶದಲ್ಲಿ ನಕ್ಷತ್ರಗಳು ಸಾಯುತ್ತಿರುವುದು ಗಮನಕ್ಕೆ ಬಂದಿದೆ. ಇನ್ನೂ ತಡವಾಗಿ ಹೋದರೆ ಭಯ. ಕೊನೆಯ ನಿಮಿಷಗಳಲ್ಲಿ ಹೋದವರಿಗೆ ಸಿಗುವ ಚರ್ಟ್‌ನ ಬಗ್ಗೆ ಹೇಳಿದರೆ ಆಡದವರಿಗೆ ಅನ್ಯಾಯ. ಒಂದು ಜಾಗ, ಒಂದು ಪಾತ್ರ, ನಾಲ್ಕಾರು ಸಾಲು ಮಾತು. ಹೊಸ ಗ್ರಹ ಒಂದೂ ಬೇಕಾಗಲಿಲ್ಲ.

ಈ ಆಟದಲ್ಲಿ ಬಂದೂಕಿಲ್ಲ, ಹಣವಿಲ್ಲ, ಏರಿಸಿಕೊಳ್ಳುವ ಲೆವೆಲ್ ಇಲ್ಲ. ಸತ್ತು ಎದ್ದಾಗ ಉಳಿಯುವುದು ನಿಮಗೆ ತಿಳಿದದ್ದು ಮತ್ತು ಅದನ್ನು ಬರೆದಿಟ್ಟುಕೊಂಡ ನೌಕೆಯ ಲಾಗ್ ಮಾತ್ರ. ಕೊನೆಗೆ ತೆರೆಯುವ ಬಾಗಿಲು ಮೊದಲ ನಿಮಿಷದಿಂದಲೂ ತೆರೆಯಬಹುದಾದದ್ದೇ; ತೆರೆಯುವ ಬಗೆ ನಿಮಗೆ ಗೊತ್ತಿರಲಿಲ್ಲ. ಹೊಸ ಜಾಗದಲ್ಲಿ ಹಳೆಯ ಕೆಲಸ ಮಾಡಿಸಿದರೆ ಅದು ಪುನರಾವರ್ತನೆ. ಹಳೆಯ ಜಾಗ ಹೊಸದಾಗಿ ಅರ್ಥವಾದರೆ ಅದನ್ನೇ ನಾನು ಆಳ ಎನ್ನುತ್ತೇನೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಮ್ಮೆ ಎಲ್ಲ ತಿಳಿದ ಮೇಲೆ ಆ ಆಟವನ್ನು ಮತ್ತೆ ಮೊದಲಿನಂತೆ ಆಡಲಾಗುವುದಿಲ್ಲ.

6. ಖಾಲಿ ಜಾಗಕ್ಕೂ ಬೆಲೆ ಬರಬಹುದು, ಏನಾದರೂ ಪಣಕ್ಕಿದ್ದರೆ

‘ಎಲೀಟ್’ ಬರೆದ ಡೇವಿಡ್ ಬ್ರೇಬನ್ ಅವರ ಫ್ರಾಂಟಿಯರ್ ಸಂಸ್ಥೆ 2014ರಲ್ಲಿ ‘ಎಲೀಟ್ ಡೇಂಜರಸ್’ ತಂದಾಗ ನಮ್ಮ ಕ್ಷೀರಪಥವನ್ನೇ ನಿಜವಾದ ಅಳತೆಯಲ್ಲಿ ಇಟ್ಟರು: 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಸಂಖ್ಯೆ ನೋಡಿ ಮರುಳಾಗಬೇಡಿ ಎಂದ ನಾನೇ ಇದನ್ನು ಹೊಗಳುವುದಕ್ಕೆ ಕಾರಣಗಳಿವೆ.

ಕೆಲಸವೇನೋ ಒಂದೇ. ಜಿಗಿ, ಸ್ಕ್ಯಾನರ್ ಒತ್ತು, ನಕ್ಷತ್ರದ ಅಂಚಿಗೆ ನೌಕೆ ತಾಗಿಸಿ ಇಂಧನ ಹೀರು, ಮತ್ತೆ ಜಿಗಿ. ಆದರೆ ಎಲ್ಲ ನಕ್ಷತ್ರಗಳೂ ಇಂಧನ ಕೊಡುವುದಿಲ್ಲ. ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದವು ಮಾತ್ರ ಕೊಡುತ್ತವೆ. ಕಂದು ಕುಬ್ಜಗಳ ಸಾಲಿಗೆ ಸಿಕ್ಕಿಕೊಂಡರೆ ಟ್ಯಾಂಕ್ ಬರಿದು. ಇನ್ನೂ ಮುಖ್ಯವಾದದ್ದು, ಸ್ಕ್ಯಾನ್ ಮಾಡಿದ ಮಾಹಿತಿಯನ್ನು ನಿಲ್ದಾಣಕ್ಕೆ ತಂದು ಮಾರುವ ತನಕ ಅದು ನಿಮ್ಮದಲ್ಲ. ನಡುವೆ ನೌಕೆ ಒಡೆದರೆ ಮಾಡಿದ್ದೆಲ್ಲ ನೀರುಪಾಲು. ಹಾಗಾಗಿ ಮನೆಯಿಂದ ದೂರವಾದಷ್ಟೂ ಪ್ರತಿ ಇಳಿದಾಣವೂ ಭಾರವಾಗುತ್ತದೆ. ಗುರುತ್ವ ಹೆಚ್ಚಿರುವ ಗ್ರಹದ ಮೇಲೆ ಇಳಿಯುವಾಗ ಕೈ ಬೆವರುತ್ತದೆ, ಆ ಗ್ರಹ ಬರೀ ಬೂದು ಬಂಡೆಯಾಗಿದ್ದರೂ.

ಇಂಧನ ಮುಗಿದು ಸಿಕ್ಕಿಕೊಂಡವರನ್ನು ಕಾಪಾಡಲು ಆಟಗಾರರೇ ‘ಫ್ಯುಯೆಲ್ ರ‍್ಯಾಟ್ಸ್’ ಎಂಬ ಪಡೆ ಕಟ್ಟಿಕೊಂಡರು. ಯಾರೋ ಗುರುತಿಲ್ಲದವನ ಟ್ಯಾಂಕ್ ತುಂಬಲು ಸಾವಿರಾರು ಜ್ಯೋತಿರ್ವರ್ಷ ಹಾರಿಬರುತ್ತಾರೆ. 2019ರ ಜನವರಿಯಲ್ಲಿ ಹೊರಟ ‘ಡಿಸ್ಟಂಟ್ ವರ್ಲ್ಡ್ಸ್ 2’ ಯಾತ್ರೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ, ಗ್ಯಾಲಕ್ಸಿಯ ನಡುಭಾಗ ಹಾದು ಆಚೆ ದಡದ ಬೀಗಲ್ ಪಾಯಿಂಟ್ ಕಡೆಗೆ ನಡೆದರು. ಶೂನ್ಯ ಅಷ್ಟು ನಿಜವಾಗಿರದಿದ್ದರೆ ಈ ಸ್ನೇಹವೂ ಹುಟ್ಟುತ್ತಿರಲಿಲ್ಲ.

ಈ ಆಟದ ಗ್ರಹಗಳನ್ನು ಹುಟ್ಟಿಸುವ ‘ಸ್ಟೆಲ್ಲರ್ ಫೋರ್ಜ್’ ಬಗ್ಗೆಯೂ ಒಂದು ಮಾತು. ಅದು ಬಣ್ಣ ಬಳಿದು ಗ್ರಹ ಮಾಡುವುದಿಲ್ಲ. ಎಷ್ಟು ದ್ರವ್ಯವಿದೆ, ಅದು ಹೇಗೆ ಒಟ್ಟುಗೂಡುತ್ತದೆ ಎಂಬ ಭೌತಶಾಸ್ತ್ರದಿಂದ ಶುರು ಮಾಡುತ್ತದೆ. 2017ರ ಫೆಬ್ರವರಿಯಲ್ಲಿ ಟ್ರ್ಯಾಪಿಸ್ಟ್-1 ಎಂಬ ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂದು ನಾಸಾ ಸಾರಿದಾಗ, ಸರಿಸುಮಾರು ಅದೇ ಜಾಗದಲ್ಲಿ ಏಳು ಗ್ರಹಗಳ ವ್ಯವಸ್ಥೆಯೊಂದು ಆಟದಲ್ಲಿ ಮೊದಲೇ ಹುಟ್ಟಿಕೊಂಡಿತ್ತು. ಕಾಕತಾಳೀಯ ಇರಬಹುದು. ಆದರೂ ಕಾರಣವಿಟ್ಟುಕೊಂಡು ಹುಟ್ಟಿದ ಗ್ರಹವನ್ನು ‘ಹೀಗೇಕೆ’ ಎಂದು ಕೇಳಬಹುದು. ಹಾಗೆ ಕೇಳಿದಾಗ ಉತ್ತರ ಸಿಗುವುದು ನನಗೆ ದೊಡ್ಡ ಸಂತೋಷ.

7. ನಿಯಮ ಆಳವಿದ್ದರೆ ಒಂದೇ ಚಂದ್ರ ಸಾಕು

ರಾಕೆಟ್ ಕಟ್ಟಿ ಹಾರಿಸುವ ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಆಟದಲ್ಲಿ ನೋಡಲು ಹೆಚ್ಚೇನಿಲ್ಲ. ಹತ್ತಿರದ ಚಂದ್ರ ಮುನ್ ಬರೀ ಕುಳಿಗಳ ನೆಲ. ಆದರೂ ಅಲ್ಲಿಗೆ ಹೋಗುವುದು ಹಳತಾಗುವುದಿಲ್ಲ, ಏಕೆಂದರೆ ಕಕ್ಷೆಯ ಗಣಿತ ಪ್ರತಿ ಸಲವೂ ಇನ್ನಷ್ಟು ತಿಳಿಯುತ್ತದೆ. 2023ರಲ್ಲಿ ಇಸ್ರೋದವರು ಚಂದ್ರಯಾನ-3ರ ಕಕ್ಷೆಯನ್ನು ಹಂತ ಹಂತವಾಗಿ ಹಿಗ್ಗಿಸುತ್ತಿದ್ದಾಗ ಕಚೇರಿಯಲ್ಲಿ ಕೆಲವರು ‘ನೇರ ಹೋಗೋಕೆ ಏನು ಕಷ್ಟ?’ ಎಂದು ಕೇಳುತ್ತಿದ್ದರು. ಭೂಮಿಗೆ ಅತಿ ಹತ್ತಿರ ಬಂದಾಗ ಎಂಜಿನ್ ಉರಿಸಿದರೆ ಕಕ್ಷೆಯ ಆಚೆ ತುದಿ ದೂರ ಸರಿಯುತ್ತದೆ ಎಂಬುದನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದೆ. ಅದನ್ನು ಕಲಿಸಿದ್ದು ಆ ಆಟ.

8. ತಂಗುವುದಕ್ಕೆ ಕಾರಣ ಕೊಟ್ಟರೆ ಹಳೆಯ ಗ್ರಹವೂ ಹೊಸದಾಗುತ್ತದೆ

‘ನೋ ಮ್ಯಾನ್ಸ್ ಸ್ಕೈ’ಗೆ ಮೊದಲ ತಿಂಗಳುಗಳಲ್ಲಿ ಬಿದ್ದ ಬೈಗುಳ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಹೆಲೋ ಗೇಮ್ಸ್‌ನ ಶಾನ್ ಮರ‍್ರಿ ಮತ್ತು ಆ ಪುಟ್ಟ ತಂಡ ಓಡಿಹೋಗಲಿಲ್ಲ. 2016ರ ನವೆಂಬರ್‌ನಲ್ಲಿ ಮನೆ ಕಟ್ಟುವ ಸೌಲಭ್ಯ ಬಂತು, 2018ರ ‘ನೆಕ್ಸ್ಟ್’ ಅಪ್‌ಡೇಟ್‌ನಲ್ಲಿ ಜೊತೆಗೂಡಿ ಆಡುವುದು, 2024ರ ‘ವರ್ಲ್ಡ್ಸ್’ನಲ್ಲಿ ಹೊಸ ಮೋಡ, ಹೊಸ ನೀರು. ಎಲ್ಲವೂ ಬಿಟ್ಟಿ. ಕಸುಬಿನವನಾಗಿ ನಾನು ತಲೆಬಾಗುತ್ತೇನೆ.

ಇಷ್ಟಾದರೂ ಬಹುಪಾಲು ಸೇರ್ಪಡೆಗಳು ಆಟವನ್ನು ಅಗಲ ಮಾಡಿದವು ಎಂಬುದು ನನ್ನ ಅಭಿಪ್ರಾಯ. ಆಳ ಬಂದದ್ದು ಮನೆಯಿಂದ. ಒಂದು ಗ್ರಹದಲ್ಲಿ ಗೋಡೆ ಎಬ್ಬಿಸಿದ ಮೇಲೆ ಅಲ್ಲಿ ಬಿರುಗಾಳಿ ಯಾವ ಕಡೆಯಿಂದ ಕಾಣಿಸುತ್ತದೆ, ಸೂರ್ಯ ಯಾವ ಬೆಟ್ಟದ ಹಿಂದೆ ಇಳಿಯುತ್ತಾನೆ ಎಂಬುದೆಲ್ಲ ಗೊತ್ತಾಗುತ್ತದೆ. ಪಕ್ಕದ ಗ್ರಹಕ್ಕೂ ಅದಕ್ಕೂ ಗಣಿತದಲ್ಲಿ ಭೇದವಿಲ್ಲದಿರಬಹುದು. ಅಲ್ಲಿ ನನ್ನ ಮನೆಯಿಲ್ಲ. ಇದೇ ತಂಡ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ‘ಲೈಟ್ ನೋ ಫೈರ್’ನಲ್ಲಿ ಇರುವುದು ಒಂದೇ ಗ್ರಹ, ಭೂಮಿಯಷ್ಟು ದೊಡ್ಡದು, ಎಲ್ಲರೂ ಸೇರಿ ಇರುವಂಥದ್ದು. ಅವರೂ ಇದನ್ನೇ ಕಂಡುಕೊಂಡಿರಬೇಕು.

9. ಯಾವ ಆಟ ಎಂದು ಕೇಳುವವರನ್ನು ಮೊದಲು ಸಮಯ ಕೇಳಿ

ಅಕ್ಕನ ಮಗ ಪಿಯುಸಿ ಮುಗಿಸಿ ರಜೆಗೆ ಬಂದಿದ್ದ. ‘ಮಾಮ, ಒಂದೇ ಒಂದು ಸ್ಪೇಸ್ ಗೇಮ್ ತಗೋಬೇಕು ಅಂದ್ರೆ ಯಾವ್ದು?’ ಅಂದ.

‘ದಿನಾ ಎಷ್ಟು ಹೊತ್ತು ಆಡ್ತೀಯಾ?’

‘ಅಮ್ಮ ಬಿಟ್ಟಷ್ಟು ಹೊತ್ತು.’

ಸಂಜೆ ಒಂದೆರಡು ಗಂಟೆ, ತಲೆ ಖಾಲಿ ಮಾಡಿಕೊಂಡು ಸುಮ್ಮನೆ ಅಲೆಯಬೇಕೆನ್ನುವವರಿಗೆ ‘ನೋ ಮ್ಯಾನ್ಸ್ ಸ್ಕೈ’ ಹೇಳುತ್ತೇನೆ. ಅಂಥವರಿಗೆ ಅದರ ಪುನರಾವರ್ತನೆಯೇ ಹಿತ. ತಿಂಗಳುಗಟ್ಟಲೆ ಒಂದೇ ಯಾತ್ರೆ ಮಾಡುವ ತಾಳ್ಮೆ ಇದ್ದವರಿಗೆ ‘ಎಲೀಟ್ ಡೇಂಜರಸ್’. ಫಿಸಿಕ್ಸ್ ಇಷ್ಟವೆಂದರೆ ‘ಕರ್ಬಲ್’. ಇವನು ಮಾತ್ರ ಚಿಕ್ಕಂದಿನಿಂದಲೂ ಕಂಡದ್ದನ್ನೆಲ್ಲ ಯಾಕೆ, ಏನು ಎಂದು ಕೆದಕುವ ಹುಡುಗ. ‘ಔಟರ್ ವೈಲ್ಡ್ಸ್ ತಗೋ’ ಅಂದೆ. ‘ಯೂಟ್ಯೂಬ್‌ನಲ್ಲಿ ವಾಕ್‌ಥ್ರೂ ನೋಡ್ಬೇಡ, ಗೆಳೆಯರನ್ನೂ ಕೇಳ್ಬೇಡ. ಸಿಕ್ಕಿಹಾಕ್ಕೊಂಡ್ರೆ ಆ ಗ್ರಹ ಬಿಟ್ಟು ಬೇರೆ ಗ್ರಹಕ್ಕೆ ಹೋಗು, ಅಲ್ಲಿ ಇದಕ್ಕೆ ಉತ್ತರ ಇರತ್ತೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೋ.’

‘ಗೇಮ್ ಆಡೋಕೆ ನೋಟ್‌ಬುಕ್ಕಾ?’ ಅಂತ ಮುಖ ಸಿಂಡರಿಸಿದ. ಈಗ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, ಉತ್ತರ ಹೇಳಬಾರದೆಂದು ಷರತ್ತು ಹಾಕಿ, ತನ್ನ ಊಹೆಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ.